ಹಲ್ಲಿಯ ಸಾಕ್ಷಿ

ಮೈಸೂರಿನ ಅಗ್ರಹಾರದ ಹಳೇ ಮನೆಯೊಂದರಲ್ಲಿ ಮುದಿ ಫ್ರಿಜ್ಜು ಕೆಟ್ಟು ನಿಂತಿತು. "ಅಮ್ಮಾ, ಇದರ ಕಾಲ ಮುಗೀತು, ಗುಜರಿಗೆ ಹಾಕಿಬಿಡಿ" ಎಂದ ರಿಪೇರಿಗೆ ಬಂದ ರಹಮತ್. ಫ್ರಿಜ್ಜಿಗೂ ಹಾಗೇ ಅನ್ನಿಸಿತ್ತು.

"ಇಲ್ಲಪ್ಪಾ, ಇನ್ನೂ ಓಡುತ್ತೆ" ಎಂದರು ಮನೆಯೊಡತಿ ಕಮಲಾಕ್ಷಮ್ಮ. ತಕ್ಷಣ ಫ್ರಿಜ್ಜಿನ ಹಿಂದಿನ ಗೋಡೆಯಿಂದ ಹಲ್ಲಿ ಲೊಚಗುಟ್ಟಿತು.

"ನೋಡಿದ್ಯಾ, ಹಲ್ಲಿಯೂ ಹೌದು ಅಂತು! ಬಿಚ್ಚಪ್ಪಾ."

ರಹಮತ್ ನಗುತ್ತ ಬಿಚ್ಚಿದ, ಸಂಜೆಯೊಳಗೆ ಓಡಿಸಿಯೇಬಿಟ್ಟ.

ಅವನು ಹೋದಮೇಲೆ ಫ್ರಿಜ್ಜು ಕೇಳಿತು: "ಹಲ್ಲಿಯೇ, ನಾನು ಓಡುವೆನೆಂದು ನಿನಗೆ ಹೇಗೆ ತಿಳಿಯಿತು?"

"ತಿಳಿದಿರಲಿಲ್ಲ. ಎಲ್ಲರೂ ನಿನ್ನ ಬಳಿ ತಂಪಿಗಾಗಿ ಬರುತ್ತಾರೆ. ಗೋಡೆಯ ಬಿರುಕಿನಲ್ಲಿರುವ ನನ್ನ ಮೊಟ್ಟೆಗಳಿಗೆ ನಿನ್ನ ಬೆನ್ನಿನ ಬಿಸಿ ಬೇಕಿತ್ತು."

"ಹಾಗಾದರೆ ಸುಳ್ಳು ಸಾಕ್ಷಿ ನುಡಿದೆಯಾ?"

"ನುಡಿದೆ. ಅದನ್ನು ನಿಜ ಮಾಡುವುದು ನಿನಗೆ ಬಿಟ್ಟದ್ದು."

ಫ್ರಿಜ್ಜು ಗುಂಯ್‌ಗುಡತೊಡಗಿತು. ಹಲ್ಲಿಯ ಮೊಮ್ಮಕ್ಕಳೂ ಆ ಬೆನ್ನಿನ ಬಿಸಿಯಲ್ಲೇ ಕಣ್ಣು ಬಿಟ್ಟವು.