ಹೆಸರುಕೇಳವ್ವನ ಓಣಿ

ಬಿಲ್ವದುರ್ಗದ ಬಸ್ ನಿಲ್ದಾಣದಿಂದ ಹಳೇಪೇಟೆಗೆ ಹೊರಟರೆ ಆಟೋದವರು ಆನೆಬಾಗಿಲಿನ ತನಕ ಮಾತ್ರ ಬರುತ್ತಾರೆ. ಅಲ್ಲಿಂದ ಮುಂದೆ ದಾರಿ ಇಕ್ಕಟ್ಟು, ನಡೆದೇ ಹೋಗಬೇಕು. ಬಾಗಿಲೆಂಬ ಹೆಸರಿದ್ದರೂ ಅಲ್ಲಿ ಈಗ ಉಳಿದಿರುವುದು ಎರಡು ಕಲ್ಲುಗಂಬ, ಬಿರುಕು ಬಿಟ್ಟ ಒಂದು ಕಮಾನು, ಕಮಾನಿನ ಸಂದಿಯಲ್ಲಿ ಬೇರೂರಿದ ಅರಳಿಯ ಗಿಡ. ಒಳಗೆ ಕಾಲಿಟ್ಟರೆ ಎಡಕ್ಕೆ ಎಣ್ಣೆಕೊಳ, ಬಲಕ್ಕೆ ಪೀರಸಾಹೇಬರ ಗುಮ್ಮಟ, ಎದುರಿಗೆ ಎಂದೋ ನಿಂತುಹೋದ ಗಡಿಯಾರ ಕಂಬ. ಈ ಮೂರರ ಸುತ್ತಲೇ ಊರಿನ ವಸತಿಗೃಹಗಳೆಲ್ಲ ಇವೆ. ಜೈನರ ಧರ್ಮಶಾಲೆ, ಹಳೆಯ ಮುಸಾಫಿರಖಾನೆ, ಮಠದ ಯಾತ್ರಿನಿವಾಸ, ಇತ್ತೀಚೆಗೆ ಎದ್ದ ಗಾಜಿನ ಕಿಟಕಿಯ ಲಾಡ್ಜುಗಳು. ಕೋಟೆ ನೋಡಲು ಬರುವವರು ಕೊಳದ ಬದಿಯ ಕೋಣೆಯನ್ನೇ ಕೇಳಿ ಪಡೆಯುತ್ತಾರೆ. ಬೆಳಿಗ್ಗೆ ಅಲ್ಲಿಂದ ನೀರಿನ ಮೇಲೆ ಗುಮ್ಮಟದ ನೆರಳು ಕಾಣುತ್ತದೆ. ಆದರೆ ಗಡಿಯಾರ ಕಂಬದ ಹಿಂದೆ ಕೋಟೆಗೋಡೆಗೆ ಒತ್ತಿಕೊಂಡು ಹೋಗುವ ಒಂದು ಓಣಿಯಲ್ಲಿ ಮಾತ್ರ ತಂಗಲು ಜಾಗವಿಲ್ಲ. ಗಾಳಿ ಬೆಳಕು ಚೆನ್ನಾಗಿದೆ, ನೀರಿದೆ, ಕಲ್ಲು ಹಾಸಿದ ನೆಲವಿದೆ. ಆದರೂ ಅಲ್ಲಿ ಯಾರೂ ಲಾಡ್ಜು ಕಟ್ಟಲಿಲ್ಲ. ಓಣಿಯ ಕೊನೆಗೆ ಹದಿನಾರು ಕಂಬದ ಒಂದು ಹಳೆಯ ಛತ್ರ ಖಾಲಿ ನಿಂತಿದೆ.

ಓಣಿಯ ಹೆಸರು ಹೆಸರುಕೇಳವ್ವನ ಓಣಿ. ನಗರಸಭೆಯವರು ಫಲಕದಲ್ಲಿ 'ಕೇಳವ್ವ ದೇವಿ ರಸ್ತೆ' ಎಂದು ಬರೆಸಿದ್ದಾರೆ. ಅದನ್ನು ನೋಡಿ ಪರವೂರಿನವರು ಯಾವುದೋ ಶಕ್ತಿದೇವತೆಯೆಂದು ಕೈಮುಗಿಯುತ್ತಾರೆ. ಹಳೇಪೇಟೆಯ ಹಿರಿಯರು ಮುಗಿಯುವುದಿಲ್ಲ. ಕಂಚಗಾರ ಮಾನಪ್ಪಜ್ಜ ಈ ಕಥೆಯನ್ನು ತನ್ನ ಅಜ್ಜಿಯಿಂದ ಕೇಳಿದವನು. 'ಆಕಿ ದೇವರೂ ಅಲ್ಲ, ದೆವ್ವನೂ ಅಲ್ಲ. ನಮ್ಮಂಗ ಒಬ್ಬ ಹೆಣ್ಣುಮಗಳು' ಎಂದು ಅವನು ಮೊದಲಿಗೇ ಹೇಳಿಬಿಟ್ಟ. ಅವನು ಹೇಳಿದ್ದನ್ನು, ಪೇಟೆಯ ಬೇರೆ ಹಿರಿಯರು ಅದಕ್ಕೆ ಕೂಡಿಸಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಹಿಂದೆ ಬಿಲ್ವದುರ್ಗವನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ ದೇಶಕ್ಕೆ ದೊಡ್ಡ ಬರ ಬಂತಂತೆ. ಕೆಳಗಿನ ಸೀಮೆಯಿಂದ ಜನ ಗುಳೆ ಎದ್ದು ಕೋಟೆಯ ಊರುಗಳ ಕಡೆಗೆ ನಡೆದರು. ಅವರಲ್ಲಿ ಒಬ್ಬ ತಾಯಿ, ಅವಳ ಸೆರಗು ಹಿಡಿದ ಒಬ್ಬ ಚಿಕ್ಕ ಮಗಳು. ಪೇಟೆಯ ಮನೆಗಳ ಮುಂದೆ ಅವರು ನಿಂತಲ್ಲೆಲ್ಲ ಒಳಗಿನವರು ಮೊದಲು ಕೇಳುತ್ತಿದ್ದುದು ಯಾವ ಊರು, ಯಾವ ಕುಲ, ಯಾರ ಪೈಕಿ ಎಂದು. ತಾಯಿ ಪ್ರತಿ ಹೊಸ್ತಿಲಲ್ಲೂ ತನ್ನ ಹೆಸರನ್ನು, ಗಂಡನ ಹೆಸರನ್ನು, ಊರಿನ ಹೆಸರನ್ನು ಹೇಳುತ್ತ ಬಂದಳು. ಗಂಟಲು ಒಣಗಿತ್ತು, ಸ್ವರ ಸಣ್ಣಗಾಗಿತ್ತು. ಕೋಟೆಗೋಡೆಯ ಪಕ್ಕದ ಒಂದು ಮನೆಯ ಮುಂದೆ ಹೀಗೆ ಹೇಳುತ್ತಿರುವಾಗಲೇ ಕುಸಿದು ಕುಳಿತಳು, ಮತ್ತೆ ಏಳಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಹೋದವನು ಅದೇ ಓಣಿಯ ಛತ್ರದ ಯಜಮಾನ. ಅವನು ಏನನ್ನೂ ಕೇಳಲಿಲ್ಲ. ಅಂಬಲಿ ಕುಡಿಸಿದ, ಸುಮ್ಮನೆ ಪಕ್ಕದಲ್ಲಿ ಕುಳಿತ. ಮುಂದೆ ಆ ಹುಡುಗಿ ಅವನ ಮನೆಯಲ್ಲೇ ಬೆಳೆದು, ಅವನ ಮಗನನ್ನು ಮದುವೆಯಾಗಿ, ಮಾವನೂ ಗಂಡನೂ ತೀರಿಕೊಂಡ ಮೇಲೆ ಛತ್ರವನ್ನು ತಾನೇ ನಡೆಸಿಕೊಂಡು ಬಂದಳು ಎನ್ನುತ್ತಾರೆ. ಅವಳ ಛತ್ರಕ್ಕೆ ಒಂದೇ ಕಟ್ಟಳೆ ಇತ್ತು. ಬಂದವರ ಹೆಸರು ಕೇಳಬಾರದು. ಉಣ್ಣಿಸಬೇಕು, ಚಾಪೆ ಕೊಡಬೇಕು, ಹೋಗುವಾಗ ಬುತ್ತಿ ಕಟ್ಟಬೇಕು. ತಾವಾಗಿ ಹೇಳಹೊರಟವರನ್ನೂ ಅವಳು ಕೈ ಅಡ್ಡ ಹಿಡಿದು ತಡೆಯುತ್ತಿದ್ದಳಂತೆ.

ಆ ಕಟ್ಟಳೆಯಿಂದ ಛತ್ರದ ಕೀರ್ತಿ ದೂರದೂರಕ್ಕೆ ಹಬ್ಬಿತು. ಘಟ್ಟದ ಕೆಳಗಿನ ಉಪ್ಪಿನ ಹೇರಿನವರು, ಕಂಬಳಿ ಮಾರುವವರು, ಫಕೀರರು, ಜಂಗಮರು, ಗಂಡನ ಮನೆ ಬಿಟ್ಟುಬಂದ ಹೆಣ್ಣುಮಕ್ಕಳು, ಎಲ್ಲರೂ ಅಲ್ಲಿ ತಂಗಿದವರೇ. ಆನೆಬಾಗಿಲಿನ ಕಾವಲಿನವರಿಗೂ ಮಧ್ಯಾಹ್ನದ ಊಟ ಅಲ್ಲಿಯೇ ಆಗುತ್ತಿತ್ತು. ಅವಳ ಒಬ್ಬನೇ ಮಗ ಸೋವಣ್ಣ ಆ ಕಾವಲಿನವರ ಮುಖ್ಯಸ್ಥನಾಗಿದ್ದ. ಸೊಸೆ ನೀಲವ್ವ ತುಂಬು ಬಸುರಿ. ಹಸಿದು ಬಂದ ಅನಾಥ ಮಗುವಿಗೆ ದೇವರು ಇಷ್ಟೆಲ್ಲ ಕೊಟ್ಟನಲ್ಲ ಎಂದು ಪೇಟೆಯ ಜನ ಅವಳನ್ನು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು.

ಆ ವರ್ಷ ಉತ್ತರದ ಕಡೆಯಿಂದ ದಂಡು ಬಂದು ಹೊಳೆಯ ಆಚೆ ಬೀಡುಬಿಟ್ಟಿತು. ಕೋಟೆಯನ್ನು ಬಲದಿಂದ ಹಿಡಿಯುವುದು ಆಗದ ಮಾತೆಂದು ಎರಡೂ ಕಡೆಯವರಿಗೆ ತಿಳಿದಿತ್ತು. ಹಾಗಾಗಿ ಪಾಳೆಯಗಾರ ಬೊಮ್ಮನಾಯಕನಿಗೆ ಗೋಡೆಯ ಹೊರಗಿನವರಿಗಿಂತ ಒಳಗೆ ನುಸುಳುವವರ ಭಯವೇ ಹೆಚ್ಚಾಯಿತು. ಪೇಟೆಯ ಎಲ್ಲ ಛತ್ರಗಳಲ್ಲೂ ಬಂದವರ ಹೆಸರು, ಊರು, ಕುಲ ಕೇಳಿ ಕಾವಲಿಗೆ ತಿಳಿಸಬೇಕೆಂದು ಡಂಗುರ ಸಾರಿಸಿದ. ಸೋವಣ್ಣ ಮನೆಗೆ ಬಂದು ತಾಯಿಯ ಮುಂದೆ ಕುಳಿತ.

'ಅವ್ವಾ, ಇನ್ನು ಮ್ಯಾಲೆ ನೀನೂ ಕೇಳಬೇಕು. ನಾಯಕರ ಅಪ್ಪಣೆ ಆಗೇತಿ.'

'ಅದೊಂದು ನನ್ನಿಂದ ಆಗೂದಿಲ್ಲಪ್ಪ.'

'ಒಂದು ಮಾತು ಕೇಳೂದಕ್ಕ ಏನಾಗತೈತಿ?'

'ನಮ್ಮವ್ವ ಆ ಮಾತಿಗೆ ಉತ್ತರ ಹೇಳಿಕೋತನ ಸತ್ತಳು. ನನ್ನ ಬಾಯಿಂದ ಅದು ಬರೂದಿಲ್ಲ, ಸೋವಣ್ಣ. ಬೇಕಾದರ ಛತ್ರ ಮುಚ್ಚಿಸು.'

ಛತ್ರ ಮುಚ್ಚಿಸುವ ಮನಸ್ಸು ಮಗನಿಗೆ ಬರಲಿಲ್ಲ. ಅವನು ನಾಯಕನ ಬಳಿಗೆ ಹೋಗಿ, ನಮ್ಮ ಛತ್ರದಲ್ಲೂ ಕೇಳುತ್ತಿದ್ದೇವೆ, ಹೊಸಬರು ಯಾರೂ ಇಲ್ಲ ಎಂದು ಹೇಳಿದ. ನಾಯಕ ನಂಬಿದ. ಸೋವಣ್ಣ ಅದುವರೆಗೆ ಸುಳ್ಳು ಹೇಳಿದವನಲ್ಲ.

ಕೆಲವೇ ದಿನಗಳಲ್ಲಿ ಶ್ರೀಶೈಲದಿಂದ ಮರಳುತ್ತಿದ್ದೇವೆಂದು ಹೇಳಿಕೊಂಡು ಕಂಬಿ ಹೊತ್ತ ಒಂದು ಗುಂಪು ಬಂತು. ಕಾವಿ ಬಟ್ಟೆ, ಹಣೆಗೆ ವಿಭೂತಿ, ಹೆಗಲ ಮೇಲೆ ಬಟ್ಟೆ ಸುತ್ತಿದ ದಪ್ಪ ಬಿದಿರಿನ ಕಂಬಿಗಳು. ಅವರಲ್ಲಿ ಒಬ್ಬ ಯುವಕ ಜ್ವರದಿಂದ ಬೇಯುತ್ತಿದ್ದ. ಉಳಿದವರು ಇವನು ಚೇತರಿಸಿಕೊಳ್ಳುವ ತನಕ ಇರುತ್ತೇವೆಂದರು. ಅವಳು ಅವನನ್ನು ಒಲೆಯ ಹಿಂದಿನ ಬೆಚ್ಚಗಿನ ಕೋಣೆಯಲ್ಲಿ ಮಲಗಿಸಿ, ಕಷಾಯ ಕಾಸಿ, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಮಗನಂತೆ ನೋಡಿಕೊಂಡಳು. ಅವನೂ ಅವಳನ್ನು ಅವ್ವಾ ಎಂದೇ ಕರೆಯತೊಡಗಿದ. ಜ್ವರ ಇಳಿದಂತೆ ಅವನ ಮುಖ ಇನ್ನಷ್ಟು ಬಾಡಿತು. ಒಂದು ಸಂಜೆ ಅವಳು ಅನ್ನ ಕಲಸಿ ಮುಂದಿಟ್ಟಾಗ ಅವನು ತಟ್ಟೆಯನ್ನು ಮುಟ್ಟಲಿಲ್ಲ. ಹೊರಗೆ ಕುಳಿತವರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

'ನನ್ನ ಹೆಸರು ಕೇಳವ್ವ.'

'ಈ ಛತ್ರದಾಗ ಹೆಸರು ಕೇಳೂದಿಲ್ಲಪ್ಪ. ಉಣ್ಣು.'

'ನಾನಾಗಿ ಹೇಳಂಗಿಲ್ಲ, ಆಣೆ ಐತಿ. ನೀ ಕೇಳಿದರ ಸುಳ್ಳು ಹೇಳಂಗಿಲ್ಲ. ಒಮ್ಮೆ ಕೇಳವ್ವ.'

ಅವಳು ನಕ್ಕು ಅವನ ಬಾಯಿಗೆ ತಾನೇ ತುತ್ತು ಇಟ್ಟಳು. ಬರಗಾಲದ ಆ ಹೊಸ್ತಿಲನ್ನು ನೆನೆದುಕೊಂಡು, ಇವನ ಕುಲ ಕೀಳೋ, ಇವನಿಗೆ ಯಾವ ಅವಮಾನವಾಗಿದೆಯೋ, ಹೇಳಿ ಹಗುರಾಗಬೇಕೆಂದಿದ್ದಾನೆ, ಪಾಪ ಎಂದುಕೊಂಡಳು. ತನ್ನ ವ್ರತದ ಮೇಲೆ ಅವಳಿಗೆ ಅಭಿಮಾನವಿತ್ತು. ಅವನು ಅಳುತ್ತಲೇ ಉಂಡ. ಮರುದಿನವೂ ಅದೇ ಮಾತು ಹೇಳಿದನಂತೆ. ಅವಳು ಆಗಲೂ ಕೇಳಲಿಲ್ಲ.

ಅದರ ಮಾರನೆಯ ದಿನ ಮಧ್ಯಾಹ್ನ ಕಾವಲಿನವರು ಎಂದಿನಂತೆ ಆಯುಧಗಳನ್ನು ಗೋಡೆಗೆ ಒರಗಿಸಿ ಪಂಕ್ತಿಗೆ ಕುಳಿತಿದ್ದರು. ಸೋವಣ್ಣನೂ ಇನ್ನಿಬ್ಬರೂ ಮಾತ್ರ ಬಾಗಿಲಲ್ಲಿದ್ದರು. ಯಾತ್ರಿಕರು ಬುತ್ತಿ ಕಟ್ಟಿಸಿಕೊಂಡು, ಅವಳ ಕಾಲು ಮುಟ್ಟಿ ಹೊರಟರು. ಜ್ವರದ ಹುಡುಗ ಕಾಲು ಮುಟ್ಟದೆ, ತಲೆ ಎತ್ತದೆ ಹೋದ. ತಾಯಿಯ ಅತಿಥಿಗಳು ಬರುತ್ತಿರುವುದನ್ನು ಕಂಡ ಸೋವಣ್ಣ ಬೀಳ್ಕೊಡಲೆಂದು ಎರಡು ಹೆಜ್ಜೆ ಮುಂದೆ ಬಂದ. ಬಿದಿರಿನ ಒಳಗಿಂದ ಕತ್ತಿಗಳು ಹೊರಬಂದುದನ್ನು ಅವನು ಕಂಡನೋ ಇಲ್ಲವೋ ಯಾರೂ ಹೇಳಲಾರರು. ಬಾಗಿಲಿನ ಅಗುಳಿ ಸರಿಯಿತು. ಕೋಟೆಯ ಹೊರಗಿನ ಜೋಳದ ಹೊಲದಲ್ಲಿ ಅಡಗಿದ್ದ ಕುದುರೆಗಳು ಒಳನುಗ್ಗಿದವು. ಪಂಕ್ತಿಯಲ್ಲಿದ್ದವರು ಎಂಜಲು ಕೈಯಲ್ಲೇ ಎದ್ದು ಓಡಿದರು. ಅವರಲ್ಲಿ ಯಾರೂ ಹಿಂದಿರುಗಲಿಲ್ಲ. ಸಂಜೆಯ ಹೊತ್ತಿಗೆ ಪೇಟೆ ಉರಿಯುತ್ತಿತ್ತು. ಬೊಮ್ಮನಾಯಕನ ತಲೆ ಆನೆಬಾಗಿಲಿನ ಮೇಲೆ ತೂಗುತ್ತಿತ್ತು.

ಗಂಡಸರು ಸತ್ತರು, ಮನೆಗಳು ಬೂದಿಯಾದವು. ಆದರೆ ಛತ್ರಕ್ಕೆ ಒಂದು ಕಿಡಿಯೂ ತಾಗಲಿಲ್ಲ. ಅನ್ನ ಉಂಡ ಮನೆಯೆಂದು ದಂಡಿನವರು ಅದರ ಮುಂದೆ ಕಾವಲು ನಿಲ್ಲಿಸಿದ್ದರಂತೆ. ಕೊಂದವರು ತೋರಿಸಿದ ಆ ದಯೆಯೇ ಅವಳನ್ನು ಮುಗಿಸಿತು. ದಂಡು ಲೂಟಿ ಹೊತ್ತು ಹೊರಟುಹೋದ ಮೇಲೆ ಅಳಿದುಳಿದವರು ಬೂದಿಯ ನಡುವೆ ನಡೆದು ಬಂದು, ಗೋಡೆ ಕೂಡ ಕಪ್ಪಾಗದ ಛತ್ರದ ಮುಂದೆ ಗುಂಪುಗೂಡಿದರು. ಮಗನ ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಜಗಲಿಯಲ್ಲಿ ಕುಳಿತಿದ್ದಳು.

'ಅವರು ಯಾರು?' ಎಂದು ಒಬ್ಬ ಮುದುಕ ಕೇಳಿದ.

'ಗೊತ್ತಿಲ್ಲ. ನಾನು ಕೇಳಲಿಲ್ಲ' ಎಂದಳು.

ಯಾರೂ ನಂಬಲಿಲ್ಲ. ನಂಬಿದ್ದರೂ ಏನು ಬದಲಾಗುತ್ತಿತ್ತೋ ತಿಳಿಯದು. ನೀಲವ್ವ ಒಳಗಿಂದ ಬಂದು ಗಂಡನ ಹೆಣವನ್ನು ಅತ್ತೆಯ ತೊಡೆಯಿಂದ ಎಳೆದುಕೊಂಡಳು. 'ನನ್ನ ಕೂಸಿನ ಹೆಸರು ನಿನ್ನ ಕಿವಿಗೆ ಬೀಳಬಾರದು' ಎಂದಳು. ಮಣ್ಣು ಮಾಡಿದ ಮೇಲೆ ಹೊಟ್ಟೆ ಹಿಡಿದುಕೊಂಡು ತವರಿನ ದಾರಿ ಹಿಡಿದಳು. ಪೇಟೆಯ ಜನ ಎಣ್ಣೆಕೊಳದ ದಂಡೆಯಲ್ಲಿ ಕೂಡಿ, ಇನ್ನು ಮುಂದೆ ಆ ಹೆಂಗಸಿನ ಹೆಸರನ್ನು ಯಾರೂ ಎತ್ತಬಾರದು, ಅವಳ ಬೆಂಕಿ, ಅವಳ ನೀರು ಮುಟ್ಟಬಾರದು ಎಂದು ನೀರು ಬಿಟ್ಟು ಆಣೆ ಮಾಡಿದರು. ಆ ಆಣೆಯನ್ನು ಎಷ್ಟು ಬಿಗಿಯಾಗಿ ನಡೆಸಿದರೆಂದರೆ ಅವಳ ನಿಜವಾದ ಹೆಸರು ಏನೆಂಬುದು ಇಂದು ಯಾರಿಗೂ ಗೊತ್ತಿಲ್ಲ.

ಅವಳು ಸಾಯಲಿಲ್ಲ. ಬಹುಕಾಲ ಬದುಕಿದಳು ಎನ್ನುತ್ತಾರೆ. ದಿನವೂ ಒಲೆ ಹಚ್ಚಿ ದೊಡ್ಡ ಹಂಡೆಯ ತುಂಬ ಅನ್ನ ಮಾಡುತ್ತಿದ್ದಳು. ಉಣ್ಣಲು ಯಾರೂ ಬರುತ್ತಿರಲಿಲ್ಲ. ದಾರಿಹೋಕರನ್ನು ಪೇಟೆಯವರು ಬಾಗಿಲಲ್ಲೇ ತಡೆದು ಬೇರೆ ಕಡೆಗೆ ಕಳುಹಿಸುತ್ತಿದ್ದರು. ಸಂಜೆಗೆ ಅನ್ನವನ್ನು ಕಾಗೆ ನಾಯಿಗಳಿಗೆ ಸುರಿದು, ಓಣಿಯ ಬಾಯಿಯಲ್ಲಿದ್ದ ಕಲ್ಲಿನ ಮೇಲೆ ಕುಳಿತು ಹೋಗುವವರನ್ನೆಲ್ಲ ಹೆಸರು ಕೇಳತೊಡಗಿದಳು. 'ನಿನ್ನ ಹೆಸರೇನಪ್ಪಾ? ನಿನ್ನದೇನವ್ವಾ?' ಯಾರೂ ಉತ್ತರ ಕೊಡಲಿಲ್ಲ. ಉತ್ತರ ಬಾರದಿದ್ದಾಗ, 'ಹೆಸರು ಕೇಳವ್ವ ಅಂದಿದ್ದ. ಎರಡು ಸಲ ಅಂದಿದ್ದ. ನಾನು ಕೇಳಲಿಲ್ಲ' ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅದನ್ನೇ ಕೇಳಿ ಕೇಳಿ, ಹೆಸರೆತ್ತಬಾರದೆಂಬ ಆಣೆಯೊಳಗೆ ಬೆಳೆದ ಮಕ್ಕಳು ಅವಳಿಗೆ ಹೆಸರುಕೇಳವ್ವ ಎಂದು ಅಡ್ಡಹೆಸರು ಇಟ್ಟರು. ಓಣಿಗೂ ಅದೇ ನಿಂತಿತು.

ನೀಲವ್ವನ ತವರಿನ ಕಡೆಯಿಂದ ಕಂಬಳಿಯವರು ಬಂದರೆ ಅವಳು ಎದ್ದು ಹೋಗಿ ಅವರ ಎತ್ತಿನ ಕೊಂಬು ಹಿಡಿದು ನಿಲ್ಲುತ್ತಿದ್ದಳಂತೆ. ಕೂಸು ಗಂಡೋ ಹೆಣ್ಣೋ, ಬದುಕಿದೆಯೋ, ಏನೆಂದು ಕರೆಯುತ್ತಾರೆ, ಇಷ್ಟೇ ಅವಳಿಗೆ ಬೇಕಾಗಿದ್ದುದು. ಅವರಿಗೆ ಗೊತ್ತಿತ್ತು. ಅವರ ಊರಿನ ಮಗುವೇ ಅದು. ಆದರೆ ನೀಲವ್ವನಿಗೆ ಮಾತು ಕೊಟ್ಟಿದ್ದರು. ಹೀಗೆ ಹಲವು ಮಳೆಗಾಲ ಕಳೆದವು. ಕೊನೆಗೊಂದು ಬೇಸಿಗೆಯಲ್ಲಿ ಒಬ್ಬ ಕಂಬಳಿಯವನಿಗೆ ಮನಸ್ಸು ಕರಗಿ, ಆದದ್ದಾಗಲಿ, ಈ ಸಲ ಹೇಳಿಬಿಡುತ್ತೇನೆಂದು ನಿಶ್ಚಯಿಸಿಕೊಂಡು ಬಂದ. ಅವಳು ಎಂದಿನ ಕಲ್ಲಿನ ಮೇಲೆಯೇ ಕುಳಿತಿದ್ದಳು. ಅವನು ಹತ್ತಿರ ಬಂದು ಬಾಗಿ, ಕಿವಿಯ ಬಳಿ ಆ ಹೆಸರನ್ನು ಹೇಳಿದ. ಅವಳು ತಿರುಗಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿ, ಭುಜ ಮುಟ್ಟಿ ನೋಡಿದ. ಮೈ ಆಗಲೇ ತಣ್ಣಗಾಗಿತ್ತು. ಆ ಹೆಸರು ಏನಾಗಿತ್ತೆಂದು ಅವನು ಪೇಟೆಯಲ್ಲಿ ಯಾರಿಗೂ ತಿಳಿಸಲಿಲ್ಲ.

ಹೆಣ ಎತ್ತಲು ಪೇಟೆಯವರು ಬರಲಿಲ್ಲ. ಕಂಬಳಿಯವರೇ ಛತ್ರದ ಹಿತ್ತಲಲ್ಲಿ ಹೂತು, ಮೇಲೊಂದು ಕಲ್ಲು ನಿಲ್ಲಿಸಿ ಹೋದರು. ಇಂದು ಬಿಲ್ವದುರ್ಗಕ್ಕೆ ಬಂದವರು ಕಾಣುವುದು ಆ ಕಲ್ಲನ್ನು. ಆಳೆತ್ತರ, ಒಂದು ಗೆರೆಯೂ ಇಲ್ಲದ ನುಣುಪು. ಆನೆಬಾಗಿಲಿನ ಪಕ್ಕದ ವೀರಗಲ್ಲುಗಳಲ್ಲಿ ಸೋವಣ್ಣನದೂ ಇದೆ, ಅದಕ್ಕೆ ಇಂದಿಗೂ ಅರಿಶಿನ ಕುಂಕುಮ ಬೀಳುತ್ತದೆ. ಹಿತ್ತಲಿನ ಕಲ್ಲಿಗೆ ಹಿಂದಿನ ಬೀದಿಯ ಲಾಡ್ಜಿನವರು ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾರೆ. ಇತ್ತೀಚೆಗೆ ಒಂದು ಸಲ ಛತ್ರವನ್ನು ರಿಪೇರಿ ಮಾಡಿಸಿ ಪ್ರವಾಸಿಗಳಿಗೆ ಕೋಣೆ ಮಾಡಬೇಕೆಂದು ಮಾತು ಬಂದಿತ್ತು. ಪೇಟೆಯಲ್ಲಿ ಒಬ್ಬನೂ ಕೆಲಸಕ್ಕೆ ಬರಲಿಲ್ಲ, ಮಾತು ಅಲ್ಲಿಗೇ ನಿಂತಿತು.

ಕೊಳದ ಬದಿಯ ಕೋಣೆಯಲ್ಲಿ ತಂಗಿದವರು ಬೆಳಗಿನ ಹೊತ್ತು ಕಿಟಕಿಯಲ್ಲಿ ನಿಂತು ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹೆರಿಗೆ ಆಸ್ಪತ್ರೆ ಇರುವುದು ಕೋಟೆಗೋಡೆಯ ಆಚೆ. ಅಲ್ಲಿಂದ ಹಳೇಪೇಟೆಗೆ ಈ ಓಣಿಯೇ ಹತ್ತಿರದ ದಾರಿ. ಆದರೂ ಎಳೆಗೂಸನ್ನು ಎತ್ತಿಕೊಂಡ ಬಾಣಂತಿಯರು ಓಣಿಯ ಬಾಯಿಗೆ ಬಂದ ಕೂಡಲೇ, ಅಲ್ಲಿ ಇಂದಿಗೂ ಯಾರೋ ಕುಳಿತು ಹೆಸರು ಕೇಳುತ್ತಾರೆ ಎಂಬಂತೆ, ಸೆರಗಿನಿಂದ ಕೂಸಿನ ಕಿವಿ ಮುಚ್ಚಿ ಪಕ್ಕಕ್ಕೆ ಹೊರಳುತ್ತಾರೆ. ಹಸಿ ಮೈ, ಕಾಲಲ್ಲಿ ಬಲವಿಲ್ಲ. ಪಕ್ಕದಲ್ಲಿ ಅವರ ತಾಯಿಯೋ ಅತ್ತೆಯೋ ರಟ್ಟೆ ಹಿಡಿದಿರುತ್ತಾರೆ. ಗುಮ್ಮಟವನ್ನು ಬಳಸಿ, ಕೊಳದ ದಂಡೆಯ ಮೇಲೆ ಬಿಸಿಲಲ್ಲಿ ನಿಧಾನವಾಗಿ ಸುತ್ತಿಕೊಂಡು ಹೋಗುತ್ತಾರೆ.