ಮೌರಿ ಮದ್ದಲೆಯ ಸೋಬಯ್ಯ

“ಕೇಳಿರಪ್ಪಾ ಕೇಳಿ! ಹೊನ್ನಗಿರಿಯ ಕಾಚರಸ ಮಹಾರಾಜರ ಅಪ್ಪಣೆ! ಇಂದಿನಿಂದ ಒಬ್ಬನಿಗೆ ಒಂದೇ ವಾದ್ಯ. ಎರಡು ನುಡಿಸಿದವನ ಹೆಬ್ಬೆರಳು ತೆಗೆಯಲಾಗುವುದು! ಈ ಅಪ್ಪಣೆ ತಪ್ಪೆನ್ನುವವನಾಗಲಿ, ಅರಮನೆ ಮೇಳದ ಯಜಮಾನಿಕೆ ಬೇಕೆನ್ನುವವನಾಗಲಿ, ಅರಸರ ಮೂರು ಒಗಟು ಬಿಡಿಸಬೇಕು. ಬಿಡಿಸಿದವನು ಕೇಳಿದ್ದು ಕೊಡುವರು. ತಪ್ಪಿದವನ ತಲೆ ಸಂಜೆಗೆ ಉರುಳುವುದು!”

ಡಂಗುರದವನು ಊರೂರಿಗೆ ಹೀಗೆ ಸಾರಿಕೊಂಡು ಹೋದನು. ಅರಸರ ತಲೆಗೆ ಇದನ್ನು ತುಂಬಿದವನು ಆಸ್ಥಾನದ ವೀಣೆಯ ವಿದ್ವಾಂಸ ನಂಜರಾಯ. “ಎರಡು ವಾದ್ಯ ಹಿಡಿಯುವವನು ಕಲಾವಿದನಲ್ಲ ಪ್ರಭು, ಸಂತೆಯ ಗಾರುಡಿಗ” ಎಂದಿದ್ದನು. ಮದ್ದಲೆಯ ತಿಪ್ಪಣ್ಣನೂ ಕೊಳಲಿನ ಚೆಲುವಯ್ಯನೂ ಹೌದು ಹೌದೆಂದು ತಲೆಯಾಡಿಸಿದ್ದರು.

ಕಲ್ಲುಗುಡ್ಡದ ಮೇಲೆ ವೀರಭದ್ರಸ್ವಾಮಿಯದೊಂದು ಬಡ ಗುಡಿ. ಅಲ್ಲಿ ವಾದ್ಯದ ಸೇವೆಗೆ ಇದ್ದವನು ಸೋಬಯ್ಯನೆಂಬ ತರುಣ ಒಬ್ಬನೇ. ಹಿಂದೆ ಅವನ ಮನೆಯಲ್ಲಿ ಅಪ್ಪ ಮೌರಿ ಊದುತ್ತಿದ್ದ, ಚಿಕ್ಕಪ್ಪ ಮದ್ದಲೆ ಬಾರಿಸುತ್ತಿದ್ದ. ಒಂದು ವರ್ಷ ಬಂದ ಜ್ವರದಲ್ಲಿ ಇಬ್ಬರೂ ಹೋದರು. ದೇವರ ಸೇವೆ ನಿಲ್ಲಬಾರದಲ್ಲ! ಸೋಬಯ್ಯ ಎರಡನ್ನೂ ಕಲಿತ. ಬೆಳಗ್ಗೆ ಮೌರಿ ಊದಿ ಸ್ವಾಮಿಯನ್ನು ಎಬ್ಬಿಸುವನು. ಮಂಗಳಾರತಿಗೆ ಮದ್ದಲೆ ಬಾರಿಸುವನು, ಕಾಲಿನ ಹೆಬ್ಬೆರಳಿಗೆ ಗಂಟೆಯ ದಾರ ಕಟ್ಟಿಕೊಂಡು.

ಅರಮನೆಯ ಆಳುಗಳು ಗುಡ್ಡ ಹತ್ತಿ ಬಂದರು. “ಯಾವುದಾದರೂ ಒಂದು ಇಟ್ಟುಕೋ, ಇನ್ನೊಂದು ಕೊಡು” ಎಂದರು.

ಸೋಬಯ್ಯನಿಗೆ ಮೈ ಉರಿಯಿತು. “ಯಾವುದನ್ನು ಕೊಡಲಯ್ಯ? ಸ್ವಾಮಿಯನ್ನು ಎಬ್ಬಿಸಿ ಆರತಿ ಇಲ್ಲದೆ ಕೂರಿಸಲೋ, ಮಲಗಿದ್ದವನಿಗೇ ಆರತಿ ಎತ್ತಲೋ?”

ಅವರು ಎರಡನ್ನೂ ಕಿತ್ತುಕೊಂಡು ಹೋದರು. ಮೂರು ದಿನ ಆ ಗುಡಿಯಲ್ಲಿ ಸದ್ದಿಲ್ಲ. ನಾಲ್ಕನೆಯ ಬೆಳಗ್ಗೆ ಸೋಬಯ್ಯ ಅನ್ನ ಮುಟ್ಟದೆ ಗುಡ್ಡ ಇಳಿದನು.

ಅವನು ಸಭೆಗೆ ಬರುವ ಹೊತ್ತಿಗೆ ಯಜಮಾನಿಕೆಯ ಆಸೆಗೆ ಬಿದ್ದ ಆ ಮೂವರೂ ಒಗಟಿನ ಮುಂದೆ ನಿಂತಿದ್ದರು. ಅರಸರು ಅಜ್ಜನ ಕಾಲದ ಓಲೆಯೊಂದನ್ನು ಹಿಡಿದು ಮೊದಲನೆಯದನ್ನು ಕೇಳಿದರು: “ಅದಕ್ಕೆ ಎರಡು ಮುಖ. ಒಂದು ಮುಖ ಒಮ್ಮೆ ಉಂಡರೆ ಬಹುಕಾಲ ಸಾಕು. ಇನ್ನೊಂದಕ್ಕೆ ದಿನವೂ ಹೊಸದಾಗಿ ಉಣಿಸಬೇಕು, ಇಲ್ಲವಾದರೆ ಮಾತಾಡದು. ಏನದು?”

ನಂಜರಾಯ ನಕ್ಕನು. “ವೀಣೆ ಪ್ರಭು. ಎರಡು ಬುರುಡೆ, ಉಣಿಸುವುದು ಮೇಣ.”

“ಮೇಣವನ್ನು ದಿನವೂ ಹಾಕುತ್ತೀಯೇನೋ? ಹಿಡಿಯಿರಿ ಇವನನ್ನು!” ಎಂದು ಅರಸರು ಗುಡುಗಿದರು.

ತಿಪ್ಪಣ್ಣ ಅದು ಮದ್ದಲೆಯೆಂದು ಥಟ್ಟನೆ ಹೇಳಿದನು. ಅರಸರು ಎರಡನೆಯದನ್ನು ಕೇಳಿದರು: “ಮೇಳದಲ್ಲಿ ಅದು ಒಂದೇ ಮಾತನ್ನು ಎಡೆಬಿಡದೆ ಆಡುತ್ತದೆ. ಯಾರೂ ಅದರತ್ತ ನೋಡರು. ಅದು ತಪ್ಪಿದರೆ ಎಲ್ಲರೂ ತಪ್ಪುವರು.”

“ತಾಳ!” ಎಂದನು ತಿಪ್ಪಣ್ಣ.

“ಎರಡು ಪೆಟ್ಟಿನ ನಡುವೆ ಎಡೆಯಿಲ್ಲವೇನೋ, ಮುಠ್ಠಾಳ? ಹಿಡಿಯಿರಿ!”

ಚೆಲುವಯ್ಯ ಅದು ಶ್ರುತಿಯೆಂದು ಹೇಳಿ ಪಾರಾದನು. ಮೂರನೆಯದು ಬಂತು: “ಯಾವ ಬಡಗಿಯೂ ಮಾಡದ ವಾದ್ಯ. ತಂತಿಯಿಲ್ಲ, ತೊಗಲಿಲ್ಲ. ಎಲ್ಲರೂ ಅದನ್ನೇ ಮೊದಲು ಕಲಿಯಬೇಕು. ಬೇರೆ ಯಾವುದನ್ನು ನುಡಿಸುವಾಗಲೂ ಜೊತೆಯಲ್ಲಿ ಅದನ್ನೂ ನುಡಿಸಬೇಕು.”

“ಉಸಿರು ಪ್ರಭು.”

“ಉಸಿರಾಡುವುದನ್ನು ವೀಣೆಯವನು ಯಾವ ಗುರುವಿನ ಬಳಿ ಕಲಿತನೋ? ಇವನನ್ನೂ ಹಿಡಿಯಿರಿ!”

ಆಗ ಸೋಬಯ್ಯ ಜನರನ್ನು ಸರಿಸಿಕೊಂಡು ಮುಂದೆ ಬಂದನು.

“ಯಾರೋ ನೀನು?”

“ನೀವು ಯಾರ ಹೆಬ್ಬೆರಳು ತೆಗೆಸಬೇಕೆಂದಿದ್ದೀರೋ ಅವನು ನಾನೇ ಬುದ್ಧಿ. ನಿಮ್ಮ ಅಪ್ಪಣೆ ತಪ್ಪು ಅನ್ನೋಕೆ ಬಂದಿದ್ದೇನೆ.”

ಸೆರೆಯಲ್ಲಿದ್ದರೂ ನಂಜರಾಯನ ನಾಲಿಗೆ ಸುಮ್ಮನಿರಲಿಲ್ಲ. “ಬಂದ ನೋಡಿ ಗಾರುಡಿಗ! ಒಂದು ತಲೆಯಲ್ಲಿ ಎರಡು ವಾದ್ಯ!”

ಸೋಬಯ್ಯ ಅವನತ್ತ ತಿರುಗಿಯೂ ನೋಡಲಿಲ್ಲ. “ಮೊದಲನೆಯದು ಮದ್ದಲೆ. ಬಲದ ಮುಖಕ್ಕೆ ಕರಿಯ ಕರಣೆ ಒಮ್ಮೆ ಕೂರಿಸಿದರೆ ಬಹುಕಾಲ ಬರುತ್ತದೆ. ಎಡಕ್ಕೆ ದಿನವೂ ರವೆ ನಾದಿ ಹಚ್ಚಬೇಕು. ಎರಡನೆಯದು ಶ್ರುತಿ. ಮೌರಿ ಊದುವವನಿಗೆ ಅದನ್ನು ಹೇಳಿಕೊಡಬೇಕಿಲ್ಲ. ಇವರು ಯಾಕೆ ಎಡವಿದರು ಗೊತ್ತೇ? ಒಬ್ಬೊಬ್ಬರಿಗೂ ತಮ್ಮ ವಾದ್ಯದ ಆಚೆ ಏನಿದೆಯೆಂದೇ ತಿಳಿಯದು.”

“ಮೂರನೆಯದು?”

“ಬುದ್ಧಿ, ಅದು ಕಿವಿ.”

ಅರಸರು ಓಲೆ ನೋಡಿದರು. ಅಲ್ಲಿಯೂ ಅದೇ ಇತ್ತು.

“ಈಗ ಹೇಳಿ,” ಎಂದನು ಸೋಬಯ್ಯ. “ನಿಮ್ಮ ಓಲೆಯೇ ಕಿವಿಯನ್ನು ವಾದ್ಯ ಎನ್ನುತ್ತದೆ. ಬೇರೆ ಯಾವುದನ್ನು ನುಡಿಸುವಾಗಲೂ ಅದನ್ನೂ ನುಡಿಸಬೇಕು ಎನ್ನುತ್ತದೆ. ಹಾಗಾದರೆ ಒಂದೇ ವಾದ್ಯ ನುಡಿಸುವವನು ಈ ನಾಡಿನಲ್ಲಿ ಯಾರಿದ್ದಾನೆ? ಬೆರಳು ತೆಗೆಯುವುದಾದರೆ ನಂಜರಾಯರಿಂದ ಶುರುಮಾಡಿ. ವೀಣೆ ಒಂದು, ಕಿವಿ ಎರಡು! ಅಜ್ಜನ ಓಲೆಯನ್ನು ಓದಿದಿರಿ, ಕೇಳಿಸಿಕೊಳ್ಳಲಿಲ್ಲ.”

ಅರಸರ ಮುಖ ಕೆಂಪೇರಿತು, ಮತ್ತೆ ಬಾಡಿತು. ಓಲೆಯನ್ನು ಕೆಳಗಿಟ್ಟು, “ಯಜಮಾನಿಕೆ ನಿನ್ನದು” ಎಂದರು.

“ನನಗೆ ಬೇಡ ಬುದ್ಧಿ. ಅಪ್ಪಣೆ ಹರಿಯಿರಿ. ಮೌರಿ ಮದ್ದಲೆ ಕೊಡಿ. ಈ ಮೂವರ ತಲೆ ಬಿಡಿ.”

“ಇವರ ಮೇಲೆ ನಿನಗೆ ಸಿಟ್ಟಿಲ್ಲವೇ?”

“ಹೊಟ್ಟೆ ತುಂಬ ಇದೆ. ಮೂರು ದಿನ ನನ್ನ ಸ್ವಾಮಿ ಸದ್ದಿಲ್ಲದೆ ನಿಂತ. ತಲೆ ಹೋದರೆ ಆ ಸೇವೆ ತೀರಿಸುವವರು ಯಾರು? ಮೂವರೂ ಗುಡ್ಡ ಹತ್ತಲಿ. ತಾವು ಕಲಿಯದ ವಾದ್ಯವನ್ನು ಮೂರು ದಿನ ಹಿಡಿಯಲಿ.”

ಅರಸರು ಅಲ್ಲಿಯೇ ಅಪ್ಪಣೆಯನ್ನು ಹರಿದರು.

ಆ ಸಂಜೆ ಕಲ್ಲುಗುಡ್ಡದಲ್ಲಿ ಮಂಗಳಾರತಿ ಎದ್ದಿತು. ಚೆಲುವಯ್ಯ ಗಂಟೆ ಎಳೆದನು, ತಿಪ್ಪಣ್ಣ ಶಂಖ ಊದಿ ಊದಿ ಬೆವತನು, ನಂಜರಾಯ ತಾಳ ಹಿಡಿದು ಪ್ರತಿ ಸುತ್ತಿಗೂ ಒಂದು ಪೆಟ್ಟು ಮುಂದೆ ಓಡಿದನು. ಸೋಬಯ್ಯ ಮದ್ದಲೆಯಿಂದ ಕೈಯೆತ್ತದೆ, ಕಣ್ಣು ಕೆಂಪಗೆ ಮಾಡಿಕೊಂಡು ಗದರಿದನು:

“ಕಿವಿ ನುಡಿಸಿ ರಾಯರೇ, ಕಿವಿ!”

ಸ್ವಾಮಿ ಅದನ್ನು ಕೇಳಿದನು. ನಮ್ಮನ್ನೂ ಕೇಳುವಂತೆ ಮಾಡಲಿ.