ತಂತಿ ಹೇಳಿದ ತಂಪು

ಒಂದು ಇ-ಸಿಗರೇಟಿನ ಹೊಟ್ಟೆಯೊಳಗೆ ಮೂವರಿದ್ದರು: ಬಿಸಿಯಾಗುವ ತಂತಿ, ಅದರ ಸುರುಳಿಯಲ್ಲಿ ರಸ ಹೀರಿ ಕೂರುವ ಅರಳೆ, ಶಾಖ ಮಿತಿ ಮೀರದಂತೆ ಕಾವಲಿರುವ ಚಿಪ್. ಚಿಪ್‌ಗೆ ಮುಟ್ಟಿ ತಿಳಿಯಲು ಚರ್ಮವಿಲ್ಲ, ಮೂಸಲು ಮೂಗಿಲ್ಲ. ತಂತಿ ತಣ್ಣಗಿರುವಾಗ ಒಮ್ಮೆ ಅಳತೆ ಹಿಡಿದು, ಅಲ್ಲಿಂದ ಎಷ್ಟು ಏರಿತೆಂದು ಎಣಿಸಿಯೇ ಅದು ಶಾಖ ಅರಿಯಬೇಕು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಯಜಮಾನ ಅಂಥವನು. ತಂತಿಯನ್ನು ಕೆಂಪಗೆ ಕಾಯಿಸಿ ಚೊಕ್ಕಟ ಮಾಡಿ, ಅದು ಆರುವ ಮೊದಲೇ ಹೊಸ ಅರಳೆ ತೂರಿಸಿ ಗುಂಡಿ ಒತ್ತಿದ.

"ತಂತಿಯೇ, ತಣ್ಣಗಿದ್ದೀಯಾ?" ಎಂದು ಕೇಳಿತು ಚಿಪ್.

ಇನ್ನೂ ಕಾದಿದ್ದೇನೆ ಎನ್ನಲು ತಂತಿಗೆ ಅವಮಾನ. "ಇದೇ ನನ್ನ ತಂಪು. ಬರೆದುಕೋ," ಎಂದಿತು.

ಚಿಪ್ ಬರೆದುಕೊಂಡಿತು. ಯಜಮಾನ ಹೊಗೆ ಎಳೆದ.

"ಅಣ್ಣಾ, ಸುಡುತ್ತಿದೆ, ನಿಲ್ಲಿಸು!" ಎಂದಿತು ಅರಳೆ.

"ಇಲ್ಲ ತಂಗೀ, ಮಿತಿ ಇನ್ನೂ ದೂರವಿದೆ," ಎಂದು ಚಿಪ್ ಮೆತ್ತಗೆ ಹೇಳಿ ಶಾಖ ಏರಿಸಿತು.

ಅರಳೆ ಚೀರಿತು. ಚಿಪ್ ಅಂಕಿಯನ್ನು ಮತ್ತೆ ನೋಡಿತು. ಅಂಕಿ ಸರಿಯಾಗಿಯೇ ಇತ್ತು. ಮೂರನೆಯ ಸಲ ಎಳೆದಾಗ ಚೀರಾಟ ನಿಂತಿತು.

"ನೋಡಿದೆಯಾ, ಸುಮ್ಮನೆ ಹೆದರಿದ್ದೆ," ಎಂದಿತು ಚಿಪ್.

ಯಜಮಾನ ಕೆಮ್ಮುತ್ತ ಕರಿ ಉಂಡೆಯಾದ ಅರಳೆಯನ್ನು ಕಿತ್ತೆಸೆದು, ಬಿಸಿ ಆರದ ಅದೇ ತಂತಿಗೆ ಬೇರೆ ಅರಳೆ ತೂರಿಸಿದ.

"ಅಣ್ಣಾ, ಇಲ್ಲಿ ಯಾರೋ ಸುಟ್ಟುಹೋದ ವಾಸನೆ," ಎಂದಿತು ಹೊಸ ಅರಳೆ.

"ಇಲ್ಲಿ ಯಾರೂ ಸುಟ್ಟಿಲ್ಲ ತಂಗೀ. ನಾನು ಬರೆದಿಟ್ಟಿದ್ದೇನೆ," ಎಂದು ಹೇಳಿ ಚಿಪ್ ತಂತಿಯತ್ತ ತಿರುಗಿ ಕೇಳಿತು: "ತಣ್ಣಗಿದ್ದೀಯಾ?"